ಮಗ್ಗ ನಿಂತ ಹೊತ್ತು

ಅಂಜನಾ ಜಮಖಂಡಿಯ ಕೃಷ್ಣಾತೀರ ಬಾನುಲಿ ಕೇಂದ್ರಕ್ಕೆ ಕಾರ್ಯಕ್ರಮ ಅಧಿಕಾರಿಯಾಗಿ ಸೇರಿದ್ದು 2004ರಲ್ಲಿ. ಸಾವಳಗಿಯಲ್ಲಿ ಕುರಿ ಸಾಕಿಕೊಂಡಿದ್ದ ಅವಳ ಅಪ್ಪ ಅಮಸಿದ್ದಪ್ಪನಿಗೆ ಅದು ಎಂಥ ನೌಕರಿಯೆಂದು ಊರವರಿಗೆ ತಿಳಿಸಿ ಹೇಳುವುದೇ ದೊಡ್ಡ ಕೆಲಸವಾಯಿತು.

"ನಿನ್ನ ಮಗಳ ದನಿ ಎಷ್ಟೊತ್ತಿಗೆ ಬರತೈತೋ?" ಎಂದು ಬೀರೇಶ್ವರ ಗುಡಿಯ ಕಟ್ಟೆಯ ಮೇಲೆ ಕೂತವರು ಕೇಳುತ್ತಿದ್ದರು.

"ಆಕಿ ಮಾತಾಡಂಗಿಲ್ಲ. ಯಾರು ಏನು ಮಾತಾಡಬೇಕಂತ ಹೇಳ್ತಾಳ."

"ಅದನ್ನ ನಿನ್ನ ಹೇಣ್ತಿನೂ ಮನ್ಯಾಗ ಮಾಡ್ತಾಳ. ಆಕಿಗೆ ಯಾರು ಪಗಾರ ಕೊಡ್ತಾರ?" ಎಂದು ಕಟ್ಟೆಗೆ ಕಟ್ಟೆಯೇ ನಗುತ್ತಿತ್ತು. ಅಮಸಿದ್ದಪ್ಪನೂ ಅವರ ಜೊತೆ ನಗುತ್ತಿದ್ದ.

ಕೇಂದ್ರದ ಮುಖ್ಯಸ್ಥರು ಚನಮಲ್ಲಪ್ಪ. ನಿವೃತ್ತಿಗೆ ಹತ್ತಿರವಾಗಿದ್ದ, ಎಲ್ಲದಕ್ಕೂ ಹೆದರುವ, ಆದರೆ ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. ಅವರಿಗೊಂದು ಚಿಂತೆ ಅಂಟಿಕೊಂಡಿತ್ತು. ಮುಧೋಳದಿಂದ, ಬೀಳಗಿಯಿಂದ ಕೇಳುಗರು ಫೋನ್ ಮಾಡುತ್ತಿದ್ದರು. ಹಿಪ್ಪರಗಿಯ ಕಬ್ಬಿನ ಹೊಲಗಳಲ್ಲಿ ಟ್ರ್ಯಾಕ್ಟರ್ ಮೇಲೆ ಕೂತೇ ಹಾಡು ಕೇಳುತ್ತಿದ್ದರು. ರಬಕವಿ-ಬನಹಟ್ಟಿಯಿಂದ ಮಾತ್ರ ಒಬ್ಬರೂ ಸೊಲ್ಲೆತ್ತುತ್ತಿರಲಿಲ್ಲ.

"ಅಷ್ಟು ದೊಡ್ಡ ಊರು ನಮ್ಮ ಪಾಲಿಗೆ ಇಲ್ಲದಂಗ ಆಗೇತಿ. ಹೋಗಿ ನೋಡಿ ಬಾರವಾ," ಎಂದು ಅವರು ಅಂಜನಾಳನ್ನು ಕಳಿಸಿದರು.

ಬನಹಟ್ಟಿಯಲ್ಲಿ ಬಸ್ಸಿಳಿಯುತ್ತಲೇ ಅರ್ಧ ಉತ್ತರ ಸಿಕ್ಕಿತು. ಓಣಿ ಓಣಿಯಲ್ಲೂ ವಿದ್ಯುತ್ ಮಗ್ಗಗಳ ಖಟಖಟ. ತನ್ನ ಚಪ್ಪಲಿ ಸಪ್ಪಳ ತನಗೇ ಕೇಳಿಸುತ್ತಿರಲಿಲ್ಲ. ಗೂಳಪ್ಪ ಎಂಬ ನೇಕಾರನ ಮನೆಗೆ ಹೋಗಿ ತಾನು ಯಾರೆಂದು ಹೇಳಿದಳು. ಅವನು ಕಿವಿಗೆ ಕೈ ಹಚ್ಚಿದ. ಕಿರುಚಿ ಹೇಳಿದಳು. ಅವನು ನಕ್ಕು, ಚಹಾ ಬೇಕೇನು ಎಂದು ಸನ್ನೆ ಮಾಡಿದ. ಮಗ್ಗಗಳ ಆಚೆಬದಿಗಿದ್ದ ಅವನ ಹೆಂಡತಿ ಪದ್ಮವ್ವ ಮಾತ್ರ ಯಾವ ಸನ್ನೆಯ ಹಂಗೂ ಇಲ್ಲದೆ, ಆ ಸದ್ದನ್ನೆಲ್ಲ ಸೀಳಿಕೊಂಡು ಬರುವ ದನಿಯಲ್ಲಿ ಕೇಳಿದಳು:

"ಯಾರ ಪೈಕಿರೀ ನೀವು?"

ಅಷ್ಟರಲ್ಲಿ ಕರೆಂಟ್ ಹೋಯಿತು. ಇಡೀ ಊರು ಒಮ್ಮೆಲೇ ಬಾಯಿ ಮುಚ್ಚಿದಂತಾಯಿತು. ಗುಬ್ಬಿ ಚಿಲಿಪಿಲಿ ಕೇಳಿತು, ಪಕ್ಕದ ಮನೆಯಲ್ಲಿ ಯಾರೋ ಸೀನಿದ್ದು ಕೇಳಿತು. ಗೂಳಪ್ಪ ಗೋಡೆಯ ಗೂಡಿಗೆ ಕೈ ಚಾಚಿ ಸೆಲ್ಲಿನ ರೇಡಿಯೊ ಹಚ್ಚಿದ. ಅಂಜನಾಳ ಎದೆ ಅರಳಿತು. ಅವಳದೇ ಕೇಂದ್ರ! ಯಾರೋ ತಜ್ಞರು ಗೊಬ್ಬರದ ಬಗ್ಗೆ ಬರೆದುಕೊಂಡು ಬಂದದ್ದನ್ನು ಓದುತ್ತಿದ್ದರು.

"ಸತ್ತವರ ಮನಿಗೆ ಮಾತಾಡಸಾಕ ಬಂದವರಂಗ ಮಾತಾಡ್ತಾರ," ಎಂದು ಗೂಳಪ್ಪ ರೇಡಿಯೊದ ಕಿವಿ ತಿರುವಿ ಮಿರಜ ಕಡೆಯ ಮರಾಠಿ ಹಾಡು ಹಿಡಿದ.

ಅಂಜನಾ ಬಿದ್ದು ಬಿದ್ದು ನಕ್ಕಳು. ಆ ಭಾಷಣ ಇಟ್ಟವಳು ಅವಳೇ. "ದಿನಾ ಇದ ಹೊತ್ತಿಗೆ ಕರೆಂಟ್ ಹೋಗತೈತೇನ್ರೀ?" ಎಂದಳು.

"ಮಧ್ಯಾಹ್ನ ಊಟ ತಪ್ಪಬಹುದು, ಇದು ತಪ್ಪಂಗಿಲ್ಲ," ಎಂದಳು ಪದ್ಮವ್ವ.

ಜಮಖಂಡಿಗೆ ವಾಪಸು ಬಂದವಳೇ ಅಂಜನಾ ಚನಮಲ್ಲಪ್ಪನವರ ಎದುರು ನಿಂತಳು. ಕರೆಂಟ್ ಹೋಗುವ ಹೊತ್ತಿಗೇ ನೇರ ಪ್ರಸಾರದ ಕಾರ್ಯಕ್ರಮ ಬೇಕು. ನೇಕಾರರೇ ಮಾತಾಡಬೇಕು, ಹಾಡಬೇಕು. ಹೆಸರು 'ಕರೆಂಟ್ ಹೋಗೇತಿ' ಎಂದಳು.

"ಅಯ್ಯೋ ತಂಗಿ, ಕರೆಂಟಿನವರು ಸಿಟ್ಟಾದರ?"

"ಅವರೂ ಕೇಳ್ತಾರ್ರೀ ಸರ್. ಕರೆಂಟ್ ತಗದ ಮ್ಯಾಲೆ ಅವರಿಗೂ ಕೆಲಸ ಇರಂಗಿಲ್ಲ."

ಚನಮಲ್ಲಪ್ಪ ಬಾಯಿಗೆ ಕರ್ಚೀಫು ಹಿಡಿದು ನಕ್ಕರು. ವಾರಕ್ಕೊಮ್ಮೆ, ಗುರುವಾರ ಮಾಡಿ ನೋಡು ಎಂದರು.

ನಡೆಸಿಕೊಡಲು ಅಂಜನಾ ಆರಿಸಿದ್ದು ಪದ್ಮವ್ವನನ್ನು. ಮೊದಲ ದಿನ ಸ್ಟುಡಿಯೊದಲ್ಲಿ ಪದ್ಮವ್ವ ಬಾಯಿ ತೆರೆದ ಕೂಡಲೇ ದನಿ ಅಳೆಯುವ ಯಂತ್ರದ ಮುಳ್ಳು ಕೆಂಪು ಗೆರೆ ದಾಟಿ ಅಲ್ಲೇ ನಿಂತುಬಿಟ್ಟಿತು. ಅಂಜನಾ ಗಾಜಿನ ಆಚೆಯಿಂದ ಓಡಿ ಬಂದಳು.

"ಸ್ವಲ್ಪ ಮೆಲ್ಲಕ ಮಾತಾಡ್ರಿ ಪದ್ಮವ್ವಾ."

"ಇದು ನನ್ನ ಮೆಲ್ಲಕ ಐತ್ರೀ!"

ಕೊನೆಗೆ ಮೈಕನ್ನೇ ದೂರ ಸರಿಸಿ, ಪದ್ಮವ್ವನ ಕುರ್ಚಿಯನ್ನು ಗೋಡೆಗೆ ತಾಗಿಸಿದರು. ಅಲ್ಲಿಂದ ಅವಳು ಸೀರೆಯ ಅಂಚಿನ ಬಣ್ಣದ ಬಗ್ಗೆ, ಹೊಸ ಸೊಸೆಯರ ಬಗ್ಗೆ, ಗಂಡನ ಗೊರಕೆಯ ಬಗ್ಗೆ ಮಾತಾಡಿದಳು. ಫೋನು ಸುಮ್ಮನಾಗಲೇ ಇಲ್ಲ. ರಬಕವಿಯ ಅಜ್ಜಿಯೊಬ್ಬಳು ಬೀಸುವ ಪದ ಹಾಡಿದಳು. ಮುಧೋಳದವನೊಬ್ಬ ಕರೆಂಟ್ ಇದ್ದರೂ ನಾನು ಕೇಳಬಹುದೇನ್ರೀ ಎಂದು ಕೇಳಿದ. "ಕೇಳಪ್ಪಾ, ನಾವೇನು ಮೀಟರ್ ಹಚ್ಚಿಲ್ಲ," ಎಂದಳು ಪದ್ಮವ್ವ.

ಹೀಗೆ ಎರಡು ವರ್ಷ ನಡೆಯಿತು. ಆಮೇಲೊಂದು ಮಳೆಗಾಲದಲ್ಲಿ ಕೃಷ್ಣೆ ಎರಡೂ ದಂಡೆ ತುಂಬಿ ಹರಿದಳು. ಅಣೆಕಟ್ಟುಗಳೆಲ್ಲ ತುಂಬಿದವು. ಊರೆಲ್ಲ ಸಂಭ್ರಮ. ಮಧ್ಯಾಹ್ನದ ವಿದ್ಯುತ್ ಕಡಿತವನ್ನು ರದ್ದು ಮಾಡಲಾಗಿದೆಯೆಂದು ಅಂಜನಾಳ ಕೇಂದ್ರವೇ ಸುದ್ದಿ ಓದಿತು. ಅವಳಿಗೆ ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಅದೇ ವಾರ ಹುಬ್ಬಳ್ಳಿಯ ವಲಯ ಮುಖ್ಯಸ್ಥ ಸಿದ್ದಾರ್ಥ ಫೋನ್ ಮಾಡಿದ. "ನಿಮ್ಮ ಆ ಕಾರ್ಯಕ್ರಮವನ್ನು ಯಾರು ಕೇಳುತ್ತಾರೆಂದು ಬನಹಟ್ಟಿಯಲ್ಲೇ ನಿಂತು ನೋಡಬೇಕು. ಗುರುವಾರ ಬರುತ್ತೇನೆ."

ಪದ್ಮವ್ವನನ್ನು ಮೊದಲ ಸಲ ಒಬ್ಬಳನ್ನೇ ಸ್ಟುಡಿಯೊದಲ್ಲಿ ಬಿಟ್ಟು ಅಂಜನಾ ಅವನನ್ನು ಕರೆದುಕೊಂಡು ಹೋದಳು. ಗೂಳಪ್ಪನ ಓಣಿಯಲ್ಲಿ ಮಗ್ಗಗಳು ಹಬ್ಬ ಬಂದಂತೆ ಬಡಿಯುತ್ತಿದ್ದವು. ಸಿದ್ದಾರ್ಥ ಗಡಿಯಾರ ನೋಡಿಕೊಂಡು ಏನೋ ಹೇಳಿದ. ಕೇಳಿಸಲಿಲ್ಲ. ಕೇಳಿಸದೇ ಇದ್ದದ್ದೇ ಒಳ್ಳೆಯದಾಯಿತು ಎಂದುಕೊಂಡಳು ಅಂಜನಾ.

ಎಡಗಡೆಯ ಮನೆಯ ಮಗ್ಗ ನಿಂತಿತು. ಅದರ ಎದುರಿನದು ನಿಂತಿತು. ಆಮೇಲೆ ಆ ಕಡೆ ಈ ಕಡೆ, ಮಳೆ ಹೊಳವಾಗುವ ಹಾಗೆ, ಸದ್ದು ತೆಳ್ಳಗಾಗುತ್ತ ಹೋಗಿ ಓಣಿಯೇ ಮೌನವಾಯಿತು.

"ಕರೆಂಟ್ ಹೋಯಿತೇ?" ಎಂದ ಸಿದ್ದಾರ್ಥ.

ಅಂಜನಾ ತಲೆಯೆತ್ತಿ ನೋಡಿದಳು. ಗೂಳಪ್ಪನ ಮನೆಯ ದೀಪ ಉರಿಯುತ್ತಿತ್ತು. ಫ್ಯಾನು ತಿರುಗುತ್ತಿತ್ತು. ಗೂಳಪ್ಪ ಸ್ವಿಚ್ಚಿನಿಂದ ಕೈ ತೆಗೆದು ಗೂಡಿನ ರೇಡಿಯೊದತ್ತ ಹೊರಟಿದ್ದ. ಮನೆ ಮನೆಯ ರೇಡಿಯೊದಿಂದಲೂ ಪದ್ಮವ್ವನ ದನಿ ಓಣಿಗೆ ಹಾರಿತು:

"ಕರೆಂಟ್ ಹೋಗಿಲ್ಲ, ಆದ್ರೂ ನಾ ಬಂದೇನಿ! ಕೇಳಾಕತ್ತೀರಿಲ್ಲೋ?"

"ಕೇಳಾಕತ್ತೇವಿ!" ಎಂದು ಇಡೀ ಓಣಿ ಕೂಗಿತು, ಅವಳಿಗೆ ಕೇಳಿಸುತ್ತದೆ ಎಂಬಂತೆ.

ಸಿದ್ದಾರ್ಥ ಗೂಳಪ್ಪನನ್ನು ಕೇಳಿದ: "ನಿಮ್ಮ ಹೆಂಡತಿ ಮನೆಯಲ್ಲೂ ಮಾತಾಡುತ್ತಾರಲ್ಲ, ಮತ್ತೆ ಮಗ್ಗ ನಿಲ್ಲಿಸಿ ಇದನ್ನೂ ಕೇಳುತ್ತೀರಾ?"

"ಮನ್ಯಾಗ ನನ್ನ ಬೈತಾಳ್ರೀ ಸಾಹೇಬ್ರ. ಇಲ್ಲಿ ಎಲ್ಲಾರ್ನೂ ಬೈತಾಳ. ಕೇಳಾಕ ಛಲೋ ಅನಸ್ತೈತಿ."

ಸಿದ್ದಾರ್ಥ ಹೊಟ್ಟೆ ಹಿಡಿದುಕೊಂಡು ನಕ್ಕ. ಮಗ್ಗದ ಪಕ್ಕದ ಚಾಪೆಯ ಮೇಲೆ ಕೂತು ಕಾರ್ಯಕ್ರಮ ಮುಗಿಯುವ ತನಕ ಏಳಲಿಲ್ಲ. ಅಂಜನಾ ಮಾತ್ರ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಂಥ ಸದ್ದಿಲ್ಲದ ಚಪ್ಪಾಳೆ ತನ್ನ ಜೀವಮಾನದಲ್ಲಿ ಮತ್ತೆ ಸಿಗಲಾರದು ಎಂದು ಅವಳಿಗೆ ಅನಿಸಿತು.

ಗುರುವಾರದ ಕಾರ್ಯಕ್ರಮ ನಿತ್ಯದ್ದಾಯಿತು. ಚನಮಲ್ಲಪ್ಪ ನಿವೃತ್ತರಾದಾಗ ಅಂಜನಾಳೇ ಕೇಂದ್ರದ ಮುಖ್ಯಸ್ಥೆಯಾದಳು. 2011ರಲ್ಲಿ ಕೇಂದ್ರವನ್ನು ನಡೆಸುತ್ತಿದ್ದ ಸಂಸ್ಥೆಯೇ ಟಿವಿ ವಾಹಿನಿ ತೆರೆದಾಗ ಸಿದ್ದಾರ್ಥ ಅವಳನ್ನೇ ಕರೆದು ಕಾರ್ಯಕ್ರಮಗಳ ಹೊಣೆ ಕೊಟ್ಟ. ಅಂಜನಾ ಮೊದಲು ಹೋದದ್ದು ಬನಹಟ್ಟಿಗೆ.

"ಟಿವ್ಯಾಗ ಬರ್ತೀರೇನ್ರೀ ಪದ್ಮವ್ವಾ?"

ಪದ್ಮವ್ವ ಮೊದಲ ಬಾರಿಗೆ ದನಿ ತಗ್ಗಿಸಿದಳು. "ಮಾರಿ ಕಾಣಸ್ತೈತಿ ಅಲ್ರೀ. ದಿನಾ ಬ್ಯಾರೆ ಬ್ಯಾರೆ ಸೀರಿ ಉಡಬೇಕಾಗತೈತಿ?"

"ಉಡಬೇಕಾಗತೈತ್ರೀ."

ಪದ್ಮವ್ವ ಗಂಡನ ಮುಖ ನೋಡಿದಳು. ಗೂಳಪ್ಪ ಮಗ್ಗದ ಮೇಲಿನ ಸೀರೆ ನೋಡಿದ. ಅಷ್ಟರಲ್ಲಿ ಬಾಗಿಲಲ್ಲಿ ಜಮಾಯಿಸಿದ್ದ ಓಣಿಯ ಹೆಂಗಸರಲ್ಲಿ ಒಬ್ಬಳು, ಸೋಮವಾರದ ಸೀರೆ ನಮ್ಮ ಮನೆಯದು ಎಂದಳು. ಮತ್ತೊಬ್ಬಳು ಮಂಗಳವಾರ ಹಿಡಿದಳು. ಬುಧವಾರಕ್ಕೆ ಇಬ್ಬರು ಜಗಳಕ್ಕೇ ಬಿದ್ದರು. ಪದ್ಮವ್ವ ಅವರೆಲ್ಲರ ದನಿ ಅಡಗುವಂತೆ, "ಏ ಸುಮ್ಕಿರ್ರಬೇ! ಮೊದಲನೇ ಸೀರಿ ನನ್ನ ಗಂಡಂದು," ಎಂದು ಒದರಿದಳು. ಗೂಳಪ್ಪ ನಾಚಿಕೊಂಡು ಮಗ್ಗ ಹಚ್ಚಿಬಿಟ್ಟ.