ನಾಲ್ಕು ಬೆರಳು

ಪೆಟ್ಟಿಗೆಯ ಆರನೇ ಸ್ಕ್ರೂ ಬಿಚ್ಚಿ ಆವುಲಪ್ಪ ಅದನ್ನು ಅಣ್ಣ ಮುನಿವೆಂಕಟಪ್ಪನ ಎಡ ಅಂಗೈಗೆ ಹಾಕಿದ. ಇನ್ನೆರಡು ಬಾಕಿ. ಕ್ಯಾಲಿಫೋರ್ನಿಯಾದಿಂದ ಬಂದ ಪೆಟ್ಟಿಗೆ ಬಾಗಿಲಲ್ಲಿ ಹಿಡಿಸದೆ ಅಂಗಳದಲ್ಲೇ ಕೂತಿತ್ತು. ಒಳಗೆ ಮುನಿವೆಂಕಟಪ್ಪನ ಮಗಳು ಶಿರೀಷಾ, ನಲವತ್ತಾರು ವರ್ಷ.

ತಾಯಿ ಅಶ್ವತ್ಥಮ್ಮ ಅಳುತ್ತಿರಲಿಲ್ಲ. ಗಂಡನನ್ನೇ ನೋಡುತ್ತಿದ್ದಳು.

ಶಿರೀಷಾ ಅಮೆರಿಕಕ್ಕೆ ಓದಲು ಹೋದವಳು ಅಲ್ಲೇ ನಿಂತು, ಆಸ್ಪತ್ರೆ ಯಂತ್ರಗಳ ಸಾಫ್ಟ್‌ವೇರ್ ಕಂಪನಿ ಕಟ್ಟಿ ಮುಳುಗಿಸಿ, ಇನ್ನೊಂದು ಕಟ್ಟಿ ಮಾರಿ, ಆಮೇಲೆ ಹೊಸಬರ ಕಂಪನಿಗಳಿಗೆ ಬಂಡವಾಳ ಹಾಕುವವಳಾಗಿದ್ದಳು. ಅಂಬಾಜಿದುರ್ಗ ಬೆಟ್ಟದ ಕೆಳಗಿನ ಈ ಊರಿಗೆ ಅದನ್ನು ಬಿಡಿಸಿ ಹೇಳಿದವನು ಪಕ್ಕದ ಮನೆಯ ಚೆನ್ನರಾಯಪ್ಪ: "ನೀನು ದನದ ದಲ್ಲಾಳಿ, ಮಗಳು ಜನದ ದಲ್ಲಾಳಿ ಕಣಪ್ಪ." ಇವತ್ತು ಅವನೂ ಆ ಮಾತೆತ್ತಲಿಲ್ಲ.

ಎತ್ತಿದವನು ಬೆಂಗಳೂರಿನ ಮೋಹನ್‌ಬಾಬು. ಅವನ ಕಂಪನಿಯನ್ನು ಮೊದಲು ನಂಬಿ ಬಂಡವಾಳ ಹಾಕಿದವಳು ಶಿರೀಷಾಳೇ.

"ಮೇಡಂ ಬಾಯಲ್ಲಿ ನಂಬರ್ ಹೇಳ್ತಾನೇ ಇರ್ಲಿಲ್ಲ ಅಂಕಲ್. ಮೀಟಿಂಗ್ ಟೇಬಲ್ ಮೇಲೆ ಒಂದು ಕೆಂಪು ಟವಲ್. ಅದರ ಕೆಳಗೆ ದನದ ದಲ್ಲಾಳಿಗಳ ಥರಾನೇ ಕೈ ಹಿಡಿದು ಬೆರಳು ಅಮುಕೋರು. ಬಾಯಿ ಸುಳ್ಳು ಹೇಳತ್ತೆ, ಕೈ ಬೆವರತ್ತೆ ಅನ್ನೋರು."

ಮುನಿವೆಂಕಟಪ್ಪನ ಅಂಗೈ ಬೆವರಿತು.

"ಸಂಕ್ರಾಂತಿಗೆ ಬಂದಾಗ ಕೊಟ್ಟಿಗೆ ಹತ್ರ ನಿನ್ ಕೈ ಹಿಡ್ಕೊಂಡು ಕೂತಿದ್ಲು," ಎಂದಳು ಅಶ್ವತ್ಥಮ್ಮ. "ಏನಂದ್ಲು?"

* * *

ಅವತ್ತು ಶಿರೀಷಾ ಅಪ್ಪನ ಹೆಗಲಿನ ಟವಲ್ ಎಳೆದು ಇಬ್ಬರ ಕೈಗೂ ಹೊದಿಸಿದ್ದಳು. ಚಿಕ್ಕಂದಿನಲ್ಲಿ ಚಿಂತಾಮಣಿ ಸಂತೆಯಲ್ಲಿ ಅವನೇ ಕಲಿಸಿದ ಲೆಕ್ಕ: ದನದ ಬೆಲೆ ಎಷ್ಟೋ ಅಷ್ಟು ಬೆರಳು ಹಿಡಿಯುವುದು. ಆಟವೆಂದುಕೊಂಡ.

"ಬೆಲೆಯಲ್ಲ, ತಿಂಗಳು ಅಪ್ಪ. ಡಾಕ್ಟರು ಕೊಟ್ಟಿರೋದು," ಎಂದು ಪಿಸುಗುಟ್ಟಿ ಅವನ ನಾಲ್ಕು ಬೆರಳು ಹಿಡಿದಳು.

ಐವತ್ತು ವರ್ಷದ ಚೌಕಾಸಿಯ ಅಭ್ಯಾಸ. ಅವನ ಕೈ ತಾನಾಗಿಯೇ ಐದು, ಮತ್ತೆ ಮೂರು ಹಿಡಿದು ಎಂಟಕ್ಕೆ ಕೇಳಿತು. ಅವಳು ನಕ್ಕಳು. ಮತ್ತೆ ನಾಲ್ಕೇ ಹಿಡಿದಳು.

"ಅಮ್ಮನಿಗೆ ಹೇಳ್ಬೇಡ. ಟವಲ್ ಕೆಳಗಿನ ಮಾತು."

ದಲ್ಲಾಳಿಗೆ ಅದಕ್ಕಿಂತ ದೊಡ್ಡ ಆಣೆಯಿಲ್ಲ. ಎರಡೇ ದಿನಕ್ಕೆ ಹೊರಟ ಮಗಳ ಮೇಲೆ ಮುನಿಸಿಕೊಂಡ ಅಶ್ವತ್ಥಮ್ಮ ಆಮೇಲೆ ಅವಳ ಫೋನೇ ಎತ್ತಲಿಲ್ಲ. ಪ್ರತಿ ಭಾನುವಾರ ಗೋಡೆಯ ಗೂಡಿನಲ್ಲಿ ಅದು ಬಡಿದುಕೊಂಡು ಸುಮ್ಮನಾಗುವವರೆಗೂ ಮುನಿವೆಂಕಟಪ್ಪ ನೋಡುತ್ತ ಕೂರುತ್ತಿದ್ದ.

* * *

ಮುಚ್ಚಳ ಸರಿಯಿತು. ತಲೆಯಲ್ಲಿ ಕೂದಲಿರಲಿಲ್ಲ. ಆ ಬರಿದಾದ ನೆತ್ತಿಯನ್ನು ಅಶ್ವತ್ಥಮ್ಮ ನಿಧಾನವಾಗಿ ಸವರಿದಳು. ಹೂ ಮುಡಿಸಲು ತಂದಿದ್ದ ಕನಕಾಂಬರದ ಮಾಲೆಯನ್ನು ಎಲ್ಲಿಡಬೇಕೆಂದು ತೋಚದೆ ತನ್ನ ಮಡಿಲಿಗೇ ಹಾಕಿಕೊಂಡಳು.

"ನಿಂಗೆ ಗೊತ್ತಿತ್ತಾ?"

ಮುನಿವೆಂಕಟಪ್ಪ ಹೆಗಲಿನ ಟವಲ್ ಇಳಿಸಿ, ಹೆಂಡತಿಯ ಕೈಯನ್ನು ಅದರಡಿಗೆ ಎಳೆದುಕೊಂಡು ನಾಲ್ಕು ಬೆರಳು ಹಿಡಿದ.

ಅಷ್ಟು ವರ್ಷ ದಲ್ಲಾಳಿಗಳಿಗೆ ಕಾಫಿ ಕೊಟ್ಟವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಸಂಕ್ರಾಂತಿಯಿಂದ ಈಚೆಗೆ ಅವಳ ತುಟಿ ಒಂದೊಂದೇ ತಿಂಗಳು ಎಣಿಸಿತು. ಆಮೇಲೆ ಕೈ ಕಿತ್ತುಕೊಂಡಳು. ಟವಲ್ ಜಾರಿ ನೆಲಕ್ಕೆ ಬಿತ್ತು.

ಮುನಿವೆಂಕಟಪ್ಪನ ಬಲಗೈ ಹಾಗೇ ಉಳಿಯಿತು, ಇಲ್ಲದ ನಾಲ್ಕು ಬೆರಳು ಹಿಡಿದುಕೊಂಡು, ಬಟಾಬಯಲಿನ ಬಿಸಿಲಲ್ಲಿ, ಊರೆಲ್ಲ ನೋಡುವಂತೆ.