ಅಮಾವಾಸ್ಯೆ ಒಂದು ದಿನ ಮುಂದಕ್ಕೆ ಹೋದದ್ದು

ಪರಮೇಶಪ್ಪ ತೀರಿಕೊಂಡ ಸುದ್ದಿ ಫಕ್ಕೀರಪ್ಪನಿಗೆ ತಿಳಿದದ್ದು ಶಿಗ್ಗಾಂವದ ಬೀಜದ ಅಂಗಡಿಯ ಮುಂದೆ. ಎಪ್ಪತ್ತಾರನೆಯ ಇಸವಿಯ ಮುಂಗಾರು. ಎರಡು ಒಳ್ಳೆಯ ಮಳೆ ಬಿದ್ದು ನೆಲ ಬಿತ್ತನೆಯ ಹದಕ್ಕೆ ಬಂದಿತ್ತು. ಆದರೆ ಅಂದು ಅಮಾವಾಸ್ಯೆ. ಅಮಾವಾಸ್ಯೆಯ ದಿನ ಎತ್ತಿನ ಹೆಗಲ ಮೇಲೆ ನೊಗ ಇಡುವ ಪದ್ಧತಿ ಇಲ್ಲ. ಹೇಗೂ ಕೆಲಸವಿಲ್ಲವೆಂದು ಫಕ್ಕೀರಪ್ಪ ಶೇಂಗಾ ಬೀಜ ತರಲು ಬೆಳಗಿನ ಬಸ್ಸಿಗೆ ಬಂದಿದ್ದ. ಊರ ಕಡೆಯಿಂದ ಬಂದ ಎರಡನೆಯ ಬಸ್ಸಿನ ಕಂಡಕ್ಟರ ಅವನನ್ನು ಕಂಡವನೇ ಕೆಳಗಿಳಿದು ಬಂದ.

“ಯಜಮಾನ್ರ, ನಿಮ್ಮ ದೋಸ್ತ ಹೋಗಿಬಿಟ್ರಂತಲ್ರಿ.”

“ಎಲ್ಲಿಗಿ?”

“ಶಿವನ ಪಾದಕ್ಕರಿ. ಮುಂಜಾನಿ ಚಾ ಕುಡದು ಕಟ್ಟಿ ಮ್ಯಾಲ ಕುಂತಿದ್ರಂತ. ಕುಂತಲ್ಲೇ ಹ್ವಾದ್ರಂತ.”

“ಹೋಗೂದಂದ್ರ ಹೆಂಗ? ನಿನ್ನಿ ಸಂಜಿಮುಂದ ನನಗ ಮೂರು ಸಲ ಮಬ್ಬ ಅಂದಾನ. ಇವತ್ತ ನಾ ಅಂವಗ ಅನ್ನೂದೈತಿ!”

ಹೀಗೆಂದು ಜಗಳಕ್ಕೆ ನಿಂತ ಫಕ್ಕೀರಪ್ಪ ಮರುಕ್ಷಣ ಬೀಜದ ಚೀಲದ ಮೇಲೆ ಕುಳಿತುಬಿಟ್ಟ. ಅಂಗಡಿಯವನು ನೀರು ಕೊಟ್ಟ. ಅದನ್ನು ಬದಿಗಿಟ್ಟು, ಶೇಂಗಾ ಚೀಲ ಹೆಗಲಿಗೇರಿಸಿ ಊರ ಬಸ್ಸು ಹಿಡಿದ.

ತಡಸದ ಆಚೆಯ ಆ ಸಣ್ಣ ಹಳ್ಳಿಯಲ್ಲಿ ಇವರಿಬ್ಬರ ವಾದ ಮೂವತ್ತು ವರ್ಷದ್ದು. ಊರಿನ ಮಠದಲ್ಲಿ ಒಂದು ಕೈಬರಹದ ಪೋತಿ ಇತ್ತು. ಮೊದಲಿನ ಸ್ವಾಮಿಗಳು ಬರೆದದ್ದೆಂದು ಪ್ರತೀತಿ. ಪರಮೇಶಪ್ಪ ದಿನವೂ ಸ್ನಾನ ಮಾಡಿ, ವಿಭೂತಿ ಧರಿಸಿ, ಅದರ ಎರಡು ಹಾಳೆ ಓದುತ್ತಿದ್ದ. ಫಕ್ಕೀರಪ್ಪನೂ ಲಿಂಗಪೂಜೆ ತಪ್ಪಿಸಿದವನಲ್ಲ. ಆದರೆ ಶಿವನ ಮಾತಿಗೆ ಪೋತಿಯ ಜಾಮೀನು ಬೇಕಿಲ್ಲವೆಂಬುದು ಅವನ ಪಕ್ಷ.

“ಪೋತಿಯೊಳಗ ಬರದದ್ದು ಸುಳ್ಳಾಗೂದಿಲ್ಲ,” ಎಂದು ಪರಮೇಶಪ್ಪ ಶುರುಮಾಡುತ್ತಿದ್ದ.

“ಯಾರು ಹೇಳ್ಯಾರ?”

“ಸ್ವಾಮ್ಯಾರು ಬರದಾರಲೇ. ಅವರು ಸುಳ್ಳ ಬರ್ಯಾವರಲ್ಲ.”

“ಅವರು ಸುಳ್ಳ ಬರ್ಯಾವರಲ್ಲಂತ ಯಾರು ಹೇಳ್ಯಾರ?”

“ಪೋತಿಯೊಳಗ ಐತಿ.”

“ಗಾಣದೆತ್ತಿನಂಗ ಹೊಂಟಲ್ಲಿಗೇ ಬಂದಿ ನೋಡು!”

“ಗಾಣದೆತ್ತು ತಿರುಗಿದ್ರನ ಎಣ್ಣಿ ಬರತೈತಿ, ಮಗನ. ನಿನ್ನಂಗ ನಿಂತ್ರ ಏನು ಬರತೈತಿ, ಸಗಣಿ!”

ಊರಿಗೆ ಬಂದು ನೋಡಿದರೆ ಪರಮೇಶಪ್ಪ ತನ್ನ ಕಟ್ಟೆಯ ಮೇಲೆ ಎಂದಿನಂತೆ ಕುಳಿತೇ ಇದ್ದ. ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡ್ರಿಸುತ್ತಾರೆ, ಮಣ್ಣು ಮಾಡುವಾಗಲೂ ಕೂಡ್ರಿಸಿಯೇ ಮಾಡುತ್ತಾರೆ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹೂವಿನ ಹಾರ. ಬೀಳದಂತೆ ಎದೆಗೆ ಒಂದು ಧೋತರ ಸುತ್ತಿ ಕಂಬಕ್ಕೆ ಕಟ್ಟಿದ್ದರು. ಮುಖದ ಮೇಲೆ ಯಾವುದೋ ಒಂದು ಉತ್ತರ ಈಗ ಕೊಟ್ಟೇನು ಎನ್ನುವಂಥ ಗತ್ತು. ಅದನ್ನು ಕಂಡು ಫಕ್ಕೀರಪ್ಪನಿಗೆ ಅಳು ಬಂತು.

ಆದರೆ ಭಜನೆ ಇರಲಿಲ್ಲ. ಹೊಲದಲ್ಲಿ ಕುಣಿ ತೋಡಿರಲಿಲ್ಲ. ಊರವರು ಎರಡು ಗುಂಪಾಗಿ ನಿಂತಿದ್ದರು. ಪರಮೇಶಪ್ಪನ ಹೆಂಡತಿ ವೀರವ್ವ ಓಡಿ ಬಂದಳು.

“ಯಣ್ಣಾ, ಐನಾರು ಮಣ್ಣಿಗೆ ಬರಾಕ ಒಲ್ಲೆ ಅಂತಾರ. ನಿನ್ನ ಗೆಳ್ಯಾಗ ಢೋಂಗಿ ಅಂತಾರೋ! ಕತ್ತಲಾಗೂದ್ರೊಳಗ ಅವರ ಅವ್ವನ ಮಗ್ಗಲಕ ಮರ್ಯಾದಿಲೆ ಮಣ್ಣ ಮಾಡಸು. ನನಗ ಬ್ಯಾರೆ ಏನೂ ಬ್ಯಾಡ.”

ವಿಷಯ ಇಷ್ಟು. ಮಠದ ಪೂಜೆ, ಮಣ್ಣಿನ ವಿಧಿ ನಡೆಸುವ ಐನಾರು ಗದಿಗಯ್ಯನವರಿಗೆ ಪೋತಿಯ ಹನ್ನೆರಡನೆಯ ಹಾಳೆ ನೆನಪಾಗಿತ್ತು: ‘ಇದನ್ನು ನಿತ್ಯವೂ ಭಕ್ತಿಯಿಂದ ಓದುವಾತನಿಗೆ ಅಮಾವಾಸ್ಯೆಯ ದಿನ ಮರಣವಿಲ್ಲ.’ ಪರಮೇಶಪ್ಪ ನಿತ್ಯ ಓದಿದವನು. ಅಂದು ಅಮಾವಾಸ್ಯೆ. ಹಾಗಾದರೆ ಒಂದೋ ಅವನು ಭಕ್ತಿಯಿಲ್ಲದೆ ಓದಿದ್ದಾನೆ, ಇಲ್ಲವೇ ಸತ್ತೇ ಇಲ್ಲ.

“ಸತ್ತಿಲ್ಲರಿ, ಸಮಾಧಿ ಹತ್ತೇತಿ. ಕಣ್ಣರೆಪ್ಪಿ ಅಲಗಾಡಿದ್ದು ನಾನ ನೋಡೇನಿ,” ಎಂದಿತು ಒಂದು ಗುಂಪು. ಓದಿದ್ದೆಲ್ಲ ಬರೀ ಢೋಂಗಿ ಎಂದಿತು ಇನ್ನೊಂದು.

ತಡಸದಿಂದ ಬಂದಿದ್ದ ಕಂಪೌಂಡರ ದಸ್ತಗೀರಸಾಬ ಕೊರಳಲ್ಲಿ ಎದೆಬಡಿತ ನೋಡುವ ನಳಿಗೆ ಹಾಕಿಕೊಂಡು ಮೂಲೆಯಲ್ಲಿ ನಿಂತಿದ್ದ. “ಮೂರು ಸಲ ನೋಡೀನ್ರಿ. ನಾಡಿ ಇಲ್ಲ. ಪೂರಾ ತಣ್ಣಗಾಗ್ಯಾರ.”

“ನೀ ಪೋತಿ ಓದೀಯೇನಪಾ?” ಎಂದರು ಗದಿಗಯ್ಯನವರು.

“ಇಲ್ರಿ.”

“ಮತ್ತ ನಿನಗ ಹೆಂಗ ಗೊತ್ತಾಗಬೇಕು!”

ದಸ್ತಗೀರಸಾಬ ನಳಿಗೆ ಬಿಚ್ಚಿ ಕಿಸೆಯಲ್ಲಿಟ್ಟುಕೊಂಡ.

‘ಪೋತಿಯಲ್ಲಿ ತಪ್ಪಿದೆ’ ಎನ್ನಲು ಫಕ್ಕೀರಪ್ಪ ಬಾಯಿ ತೆರೆದ. ಮೂವತ್ತು ವರ್ಷ ಹೇಳಲು ಹೆಣಗಿದ ಮಾತು. ಇಂದು ರುಜುವಾತು ಕಟ್ಟೆಯ ಮೇಲೆಯೇ ಕುಳಿತಿತ್ತು. ಆದರೆ ಹೇಳಿದರೆ ಏನಾದೀತು? ಗೆಳೆಯ ದಿನವೂ ಚಳಿಯಲ್ಲಿ ತಣ್ಣೀರು ಮಿಂದು ಓದಿದ್ದೆಲ್ಲ ಹಾಳಾದೀತು. ಅದೂ ತಿರುಗಿ ಬೈಯಲಾರದವನ ಮೇಲೆ ಗೆದ್ದಂತೆ. ಫಕ್ಕೀರಪ್ಪ ಬಾಯಿ ಮುಚ್ಚಿದ. ಪರಮೇಶಪ್ಪನ ಪಕ್ಕದಲ್ಲಿ ಕಟ್ಟೆ ಹತ್ತಿ ಕುಳಿತ.

“ಐನಾರ, ಪೋತಿ ದೊಡ್ಡದೋ, ಪಂಚಾಂಗ ದೊಡ್ಡದೋ?”

“ಇದೇನು ಕೇಳೂ ಮಾತೇನೋ? ಪೋತಿ.”

“ಪಂಚಾಂಗ ತಪ್ಪಬಹುದೋ?”

“ಮನಷ್ಯಾರು ಛಾಪಿಸಿದ್ದು. ತಪ್ಪಬಹುದು.”

“ಹಂಗಾರ ಕೇಳ್ರಿ. ಭಕ್ತ ಅಮಾಸಿ ದಿನ ಸಾಯಂಗಿಲ್ಲ. ಪರಮೇಶಿ ಭಕ್ತ. ಪರಮೇಶಿ ಇವತ್ತ ಸತ್ತಾನ. ಅಂದಮ್ಯಾಲ ಇವತ್ತ ಅಮಾಸಿ ಅಲ್ಲ. ಅಮಾಸಿ ನಾಳೆ!”

ನಾಲ್ಕು ಜೋಡಿ ಎತ್ತಿನ ಒಡೆಯ ಉಡಚಪ್ಪನಿಗೆ ಮೊದಲು ಎಚ್ಚರವಾಯಿತು. ಅಮಾವಾಸ್ಯೆ ನಾಳೆಯಾದರೆ ನಾಳೆಯೂ ಬಿತ್ತುವಂತಿಲ್ಲ.

“ಏ ತಡಿಯೋ! ಪರಮೇಶಿ ಭಕ್ತ ಅಂತ ಹೆಂಗ ಹೇಳ್ತಿ?”

“ಭಕ್ತ ಅಲ್ಲದಿದ್ರ ಅಮಾಸಿ ದಿನ ಸಾಯ್ತಿದ್ದ.”

“ಅಮಾಸಿ ದಿನಾನ ಸತ್ತಾನಲ್ಲೋ!”

“ಇವತ್ತೆಲ್ಲೈತಿ ಅಮಾಸಿ? ಭಕ್ತ ಸತ್ತಾನಲ್ಲ.”

“ಅಂವ ಭಕ್ತ ಹೌದೋ ಅಲ್ಲೋ ಅಂತನ ನಾ ಕೇಳಾಕತ್ತೇನಿ!”

“ಅಮಾಸಿ ಅಲ್ಲದ ದಿನ ಸತ್ತಾನ. ಇನ್ನೇನು ಬೇಕು ನಿನಗ?”

ಉಡಚಪ್ಪ ಎರಡು ಸಲ ಬೆರಳು ಮಡಚಿ ಬಿಚ್ಚಿ ನೋಡಿದ. ಎಲ್ಲಿಂದ ಹೊರಟರೂ ಫಕ್ಕೀರಪ್ಪನ ಬಾಗಿಲಿಗೇ ಬರುತ್ತಿತ್ತು. “ಚಂದ್ರನ್ನ ನೋಡೂಣು, ಚಂದ್ರ ಸುಳ್ಳ ಹೇಳಂಗಿಲ್ಲ!” ಎಂದ. ಎಲ್ಲರೂ ತಲೆಯೆತ್ತಿದರು. ಮುಗಿಲು ತುಂಬ ಮೋಡ.

ಗದಿಗಯ್ಯನವರು ಗಡ್ಡ ನೀವಿಕೊಂಡರು. ಪೋತಿ ಉಳಿಯುತ್ತದೆ, ಭಕ್ತನೂ ಉಳಿಯುತ್ತಾನೆ. ಹೋಗುವುದು ಬರಿಯ ಒಂದು ತಾರೀಖು. “ಪಂಚಾಂಗ ತಪ್ಪೇತಿ,” ಎಂದು ಎದ್ದರು. “ನಾಳೆ ಅಮಾಸಿ. ಯಾರೂ ಎತ್ತಿನ ಕೊಳ್ಳ ಕಟ್ಟಬ್ಯಾಡ್ರಿ. ಭಜನಿ ಹಚ್ಚರಿ!”

ತಾಳ ಮೊಳಗಿತು. ಹೊತ್ತು ಮುಳುಗುವುದರೊಳಗೆ ತಾಯಿಯ ಪಕ್ಕದಲ್ಲಿ ಪರಮೇಶಪ್ಪನನ್ನು ಕೂಡ್ರಿಸಿ, ಐನಾರು ವಿಭೂತಿ ಬಿಲ್ವಪತ್ರಿ ಏರಿಸಿದ ಮೇಲೆ, ಊರೆಲ್ಲ ಹಿಡಿ ಹಿಡಿ ಮಣ್ಣು ಹಾಕಿತು. ಉಡಚಪ್ಪನೂ ಹಾಕಿದ, ತುಸು ಜೋರಾಗಿ.

ಮರುದಿನ ಬಿಸಿಲು ಬಿತ್ತು. ಸುತ್ತಲಿನ ಊರುಗಳಲ್ಲೆಲ್ಲ ಕೂರಿಗೆ ನಡೆದಿದ್ದವು. ಇಲ್ಲಿ ಮಾತ್ರ ಎತ್ತುಗಳು ಗೋದಲಿಯ ಮುಂದೆ ನಿಂತು, ಎರಡನೆಯ ದಿನವೂ ಬಿಡುವು ಸಿಕ್ಕಿತೆಂದು ಮೆಲುಕು ಹಾಕುತ್ತಿದ್ದವು. ಹೆಂಗಸರು ಅಮಾವಾಸ್ಯೆಯ ಹೋಳಿಗೆಗೆ ಮತ್ತೆ ಬೇಳೆ ಬೇಯಿಸುತ್ತ ಫಕ್ಕೀರಪ್ಪನ ಹೆಸರು ಹಿಡಿದು ಬೈಯುತ್ತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ತಡಸದ ಒಬ್ಬ ರೈತ ಚಕ್ಕಡಿ ನಿಲ್ಲಿಸಿ ಕೇಳಿದ.

“ಇಂಥಾ ಹದದಾಗ ಸುಮ್ಮನ ಕುಂತೀರಲ್ರಿ?”

“ಇವತ್ತ ಅಮಾಸಿ.”

“ನಿನ್ನಿ ಆತಲ್ರಿ!”

“ಅದು ನಿಮ್ಮೂರಾಗ.”

ಉಡಚಪ್ಪ ಮಠಕ್ಕೆ ಹೋಗಿ, “ಐನಾರ, ಅರ್ಧಾ ದಿನ ಅಮಾಸಿ ಮಾಡಿ ಬಿಟ್ರ ನಡ್ಯಾಂಗಿಲ್ಲೇನ್ರಿ?” ಎಂದು ಕೇಳಿ ಬೈಸಿಕೊಂಡು ಬಂದ.

ಫಕ್ಕೀರಪ್ಪನದೂ ಶೇಂಗಾ ಚೀಲದಲ್ಲೇ ಇತ್ತು. ಇಳಿಹೊತ್ತಿಗೆ ಅವನು ಒಬ್ಬನೇ ಪರಮೇಶಪ್ಪನ ಹೊಲಕ್ಕೆ ಹೋದ. ವೀರವ್ವ ಅಲ್ಲಿ ಹಸಿ ಮಣ್ಣಿನ ಮೇಲೆ ನೀರು ಚಿಮುಕಿಸುತ್ತಿದ್ದಳು.

“ಯಣ್ಣಾ, ನೀ ಹೇಳಿದ್ದು ಖರೇನ ಏನು?”

ಫಕ್ಕೀರಪ್ಪ ಬಗ್ಗಿ ಒಂದು ಹೆಂಟೆ ಒಡೆದು ಮಣ್ಣು ಸರಿಮಾಡಿದ. “ಅಂವ ಭಕ್ತ ಅಂತ ನಾ ಅಂದೆನಲ್ಲವ್ವಾ, ಅದು ಖರೆ. ಉಳದದ್ದು ನನಗ ಗೊತ್ತಿಲ್ಲ.”

“ನನಗ ಅಷ್ಟ ಸಾಕು,” ಎಂದು ವೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮನೆಯ ಕಡೆ ನಡೆದಳು.

ಫಕ್ಕೀರಪ್ಪ ರುಮಾಲು ತೆಗೆದು ಬದಿಗಿಟ್ಟ. ಮೊಣಕಾಲೂರಿ, ಮಣ್ಣಿಗೆ ಹಣೆ ಹಚ್ಚಿ, ಕೈ ಜೋಡಿಸಿದ.

“ಶಿವಾ, ಅಮಾಸಿ ಯಾವತ್ತಂತ ನಿನಗ ಗೊತ್ತೈತಿ. ನಂದು ತಪ್ಪಾಗಿದ್ರ ನನ್ನ ತೆಲಿ ಮ್ಯಾಲಿರಲಿ, ಇಂವಗ ತಟ್ಟೂದು ಬ್ಯಾಡ. ದಿನಾ ನಿನ್ನ ಹೆಸರ ಹೇಳಿದ ಜೀವ ಇದು. ನಿನ್ನ ಪಾದದ ಸಮೀಪ ಜಾಗಾ ಕೊಡು. ಇಂವನ ಆತ್ಮಕ್ಕ ಶಾಂತಿ ಕೊಡಪಾ, ತಂದೆ.”