ಆರು ಬೆರಳು

ಆ ಕಟ್ಟಡಕ್ಕೆ ಜನ ಇಟ್ಟ ಹೆಸರು ಬೂದಿ ಡಬ್ಬ. ಯುದ್ಧ ಮುಗಿದ ಮೂರನೇ ವರ್ಷ, ಮನೆ ಕಳೆದುಕೊಂಡವರಿಗೆಂದು ತರಾತುರಿಯಲ್ಲಿ ಎಬ್ಬಿಸಿದ ನಾಲ್ಕು ಮಹಡಿಯ ಬರೀ ಕಾಂಕ್ರೀಟು. ಗಾರೆ ಇಲ್ಲ, ಸುಣ್ಣ ಇಲ್ಲ, ಲಿಫ್ಟಿನ ಮಾತಂತೂ ದೂರ. ಗೋಡೆಯ ಮೈಮೇಲೆಲ್ಲ ಹಲಗೆಯ ಗೆರೆ, ಗಂಟು, ಮೊಳೆಯ ಗುರುತು. ಅದನ್ನು ನೋಡಿ ಮೆಚ್ಚಿದವನು ಇಡೀ ಬೀದಿಗೆ ಒಬ್ಬನೇ, ಅದರ ಅಚ್ಚು ಕಟ್ಟಿದ ಮುದುಕ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಹಾಗೆ.

ಮುದುಕನನ್ನು ಎಲ್ಲರೂ ಕರೆಯುತ್ತಿದ್ದದ್ದು ಹಲಗೆ ತಾತ ಎಂದು. ಸೆಂಟ್ರಿಂಗ್ ಬಡಗಿ. ಕಾಂಕ್ರೀಟು ಸುರಿಯುವ ಮೊದಲು ಹಲಗೆಯಲ್ಲಿ ಅಚ್ಚು ನಿಲ್ಲಿಸುವುದು, ಗಟ್ಟಿಯಾದ ಮೇಲೆ ಬಿಚ್ಚಿಕೊಂಡು ಹೋಗುವುದು ಅವನ ಕೆಲಸ. ಉಳಿಯುವುದು ಗೋಡೆ, ಬಡಗಿಯ ನೆನಪು ಯಾರಿಗೂ ಉಳಿಯುವುದಿಲ್ಲ. ಇಪ್ಪತ್ತಮೂರನೇ ವಯಸ್ಸಿನಲ್ಲಿ ಈ ಕಟ್ಟಡದ ಮೂರನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಅವನೊಂದು ತಪ್ಪು ಮಾಡಿದ್ದ. ಮೇಸ್ತ್ರಿ ನೆಲದ ಮೇಲೆ ಎಳೆದಿದ್ದ ಗೆರೆ ಹಲಗೆಯ ಬೆನ್ನು, ಅಂದರೆ ಹೊರಮೈ, ನಿಲ್ಲಬೇಕಾದ ಜಾಗಕ್ಕೆ. ಇವನು ಅದನ್ನು ಗೋಡೆಯ ಮುಖ ಅಂದುಕೊಂಡ. ಹಲಗೆಯ ದಪ್ಪದಷ್ಟು, ಒಂದೊಂದು ಗೋಡೆಯೂ ಮೂರು ಮೂರು ಬೆರಳು ಮುಂದೆ ಬಂತು. ಅಚ್ಚು ಬಿಚ್ಚಿದಾಗ ತಿರುವು ಆರು ಬೆರಳು ಕಿರಿದಾಗಿತ್ತು. ಮೇಸ್ತ್ರಿ ಅತ್ತಿತ್ತ ನೋಡಿ, "ಬಾಯಿ ಮುಚ್ಕೊಂಡಿರು" ಎಂದಿದ್ದ. ಮುಚ್ಚಿಕೊಂಡಿದ್ದ. ಹೊಸದಾಗಿ ಮದುವೆಯಾಗಿದ್ದ ಹೆಂಡತಿಯ ಮುಂದೆ ಮಾತ್ರ ಅತ್ತು ಹೇಳಿಕೊಂಡಿದ್ದ.

ಆಮೇಲೆ ಅದೇ ಕಟ್ಟಡದ ನಾಲ್ಕನೇ ಮಹಡಿಯಲ್ಲೇ ಅವರಿಗೆ ಮನೆ ಸಿಕ್ಕಿತು. ಆ ತಿರುವು ದಾಟದ ಮಂಚಗಳನ್ನು ಬಿಚ್ಚಿ ಹತ್ತಿಸಿದರು. ಸತ್ತವರನ್ನು ಬಿಚ್ಚಲಾಗುವುದಿಲ್ಲವಲ್ಲ. "ನಾಲ್ಕನೇ ಮಹಡಿಯವರು ಸತ್ತರೂ ನಿಂತ್ಕೊಂಡೇ ಇಳೀಬೇಕು" ಎಂದು ಕೆಳಗಿನವರು ನಗುತ್ತಿದ್ದರು. ಹಲಗೆ ತಾತನೂ ಅವರ ಜೊತೆ ಸೇರಿ ನಗುತ್ತಿದ್ದ. ಬೇರೇನು ಮಾಡಿಯಾನು?

ಈಗ ಅವನಿಗೆ ಎಪ್ಪತ್ತೆಂಟು. ಹೆಂಡತಿಯ ಮಂಡಿ ಸವೆದು, ಅವಳು ಮೆಟ್ಟಿಲಿಳಿದು ಆರು ವರ್ಷವಾಗಿತ್ತು. ನಗರಸಭೆಯವರು ಕಟ್ಟಡ ಕೆಡವುತ್ತೇವೆಂದು ನೋಟಿಸು ಅಂಟಿಸಿದಾಗ, ಆ ಮನೆಯಲ್ಲಿ ವರ್ಷಗಳ ಮೇಲೆ ನಗು ಕೇಳಿತು. ಮೊದಲು ನೆಲಮಟ್ಟದ ತಾತ್ಕಾಲಿಕ ಮನೆ, ಎರಡು ವರ್ಷಕ್ಕೆ ಲಿಫ್ಟಿರುವ ಹೊಸ ಮನೆ. ಆದರೆ ಒಬ್ಬ ಪ್ರೊಫೆಸರಮ್ಮ ಅಡ್ಡ ಬಂದಿದ್ದಳು. ಇಂಥ ಕಟ್ಟಡ ಇನ್ನೆಲ್ಲೂ ಉಳಿದಿಲ್ಲ, ಇದನ್ನು ಹೀಗೇ ಕಾಪಾಡಬೇಕು ಎಂಬುದು ಅವಳ ಅರ್ಜಿ. ಅವಳಿದ್ದದ್ದು ತೋಟವಿರುವ ಮನೆಯಲ್ಲಿ.

ಅರ್ಜಿಯ ವಿಚಾರಣೆಗೆ ಅಲ್ಲಿನ ನಿವಾಸಿಗಳನ್ನೂ ಕರೆದಿದ್ದರು. ಆ ಬೆಳಿಗ್ಗೆ ಹೆಂಡತಿ ಅವನ ಅಂಗಿಯ ಗುಂಡಿ ಹಾಕುತ್ತಾ, "ರೀ, ಕೆಡವಿ ಅಂತ ಹೇಳಿ ಬನ್ನಿ. ಬಿಸಿಲಲ್ಲಿ ಕೂತ್ಕೋಬೇಕು ನಾನು. ಅಷ್ಟೇ ಸಾಕು" ಎಂದಳು.

"ಹೂಂ, ಹೇಳ್ತೀನಿ ಬಿಡು" ಎಂದ. ಸುಳ್ಳಲ್ಲ, ಹಾಗೇ ಹೇಳಬೇಕೆಂದು ಹೊರಟಿದ್ದ.

ಸಭೆಯಲ್ಲಿ ಮೊದಲು ಎದ್ದವನು ನಗರಸಭೆಯ ಎಂಜಿನಿಯರ್. ಕೆಡವುವ ಪಕ್ಷದವನೇ, ಅಂದರೆ ತಾತನ ಪಕ್ಷದವನೇ. ತಾರಸಿ ಸೋರುತ್ತದೆ, ಕಂಬಿ ತುಕ್ಕು ಹಿಡಿದಿದೆ ಎಂದೆಲ್ಲ ಹೇಳಿದ ಮೇಲೆ ನಕ್ಷೆ ಬಿಡಿಸಿದ. "ಈ ಮೂರನೇ ಮಹಡಿ ತಿರುವು ನೋಡಿ. ನಕ್ಷೆಗಿಂತ ಆರು ಬೆರಳು ಕಮ್ಮಿ. ಯಾವನೋ ಬಡಗಿಗೆ ಅಳತೆ ಹಿಡಿಯೋಕೂ ಬರ್ತಿರ್ಲಿಲ್ಲ. ಇಂಥೋರು ಕಟ್ಟಿದ್ದನ್ನ ಕಾಪಾಡ್ಬೇಕಂತೆ!"

ಸಭೆಯೆಲ್ಲ ನಕ್ಕಿತು. ಹಲಗೆ ತಾತನಿಗೆ ಕೋಪ ನೆತ್ತಿಗೇರಿತು. ಐವತ್ತೈದು ವರ್ಷ ಬಾಯಿ ಮುಚ್ಚಿ ಉಳಿಸಿಕೊಂಡ ಮಾನ ಒಂದೇ ಗಳಿಗೆಯಲ್ಲಿ ಮೂರಾಬಟ್ಟೆಯಾಗಿತ್ತು. ಎದ್ದು ನಿಂತ.

"ಆ ಬಡಗಿ ನಾನೇ ಸ್ವಾಮಿ. ಅದು ತಪ್ಪಲ್ಲ. ನಕ್ಷೆ ಬರೆದ ದೊಡ್ಡೋರೇ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ರು. ಇಲ್ಲಿ ಇಕ್ಕಟ್ಟಾಗಿರ್ಲಿ ಕಣಪ್ಪ, ಯುದ್ಧದಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡೋದು ಮರೆತಿದ್ದಾರೆ, ಇಲ್ಲಾದ್ರೂ ನಿಧಾನಿಸಿ ನೋಡ್ಲಿ ಅಂತ."

ಪ್ರೊಫೆಸರಮ್ಮ ಕಣ್ಣೊರೆಸಿಕೊಳ್ಳುತ್ತಾ ಬರೆದುಕೊಂಡಳು. ನಕ್ಷೆ ಬರೆದವರು ಸತ್ತು ಮೂವತ್ತು ವರ್ಷ, ಅಲ್ಲಗಳೆಯುವವರು ಯಾರು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಿಂಗಳೊಳಗೆ ಬೂದಿ ಡಬ್ಬ ಸಂರಕ್ಷಿತ ಕಟ್ಟಡವಾಯಿತು. ಲಿಫ್ಟು ಕೂಡದು, ಕಿಟಕಿ ಬದಲಿಸಕೂಡದು, ಮೂರನೇ ಮಹಡಿಯ ತಿರುವನ್ನಂತೂ ಮುಟ್ಟಲೇಕೂಡದು. ಅಲ್ಲಿ ಹಿತ್ತಾಳೆಯ ಫಲಕವೊಂದನ್ನು ಜಡಿದರು: ಇಲ್ಲಿ ನಿಧಾನಿಸಿ, ಎದುರಿನವರ ಮುಖ ನೋಡಿ. ಫಲಕದಿಂದಾಗಿ ತಿರುವು ಇನ್ನೂ ಅರ್ಧ ಬೆರಳು ಕಿರಿದಾಯಿತು.

ನೆರೆಹೊರೆಯವರು ಮಾತು ಬಿಟ್ಟರು. ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿ ಮನೆ ನಡೆಸುತ್ತಿದ್ದ ಮಗಳು ಅವನ ತಟ್ಟೆಯನ್ನು ಕುಕ್ಕಿಡತೊಡಗಿದಳು. ಹೆಂಡತಿ ಮಾತ್ರ ಬೈಯಲಿಲ್ಲ. ಅವಳಿಗೆ ನಿಜ ಗೊತ್ತಿತ್ತು. "ಆರು ಬೆರಳಿಗೋಸ್ಕರ ನನ್ನ ಇಲ್ಲಿ ಕಟ್ಟಿಹಾಕಿದ್ರಲ್ಲ" ಎಂದು ಒಂದು ಸಲ ಹೇಳಿ, ಗೋಡೆಯ ಕಡೆ ತಿರುಗಿ ಮಲಗಿದಳು.

ಮುಂದಿನ ವರ್ಷ ಒಂದು ಮಧ್ಯಾಹ್ನ ಬಚ್ಚಲಲ್ಲಿ ಜಾರಿ ಬಿದ್ದಳು. ಆಂಬುಲೆನ್ಸಿನವರು ಬಂದು ನೋಡಿ, ಸೊಂಟದ ಮೂಳೆ ಮುರಿದಿದೆ, ಒಳಗೆ ರಕ್ತ ಹೋಗುತ್ತಿದೆ, ಮಲಗಿಸಿಕೊಂಡೇ ಒಯ್ಯಬೇಕು ಎಂದರು. ಸ್ಟ್ರೆಚರ್ ತಿರುವಿಗೆ ಬಂದು ಸಿಕ್ಕಿಕೊಂಡಿತು. ಹಿಂದಕ್ಕೆ ಎಳೆದರು, ಓರೆ ಮಾಡಿದರು. ಬೇಕಾಗಿದ್ದದ್ದು ಆರು ಬೆರಳು ಜಾಗ.

"ಅಗ್ನಿಶಾಮಕ ದಳದ ಏಣಿ ಬರೋಕೆ ಎರಡು ಗಂಟೆ ಆಗತ್ತೆ. ಇವರು ಅಷ್ಟೊತ್ತು ತಡೆಯಲ್ಲ" ಎಂದ ಆಂಬುಲೆನ್ಸಿನವನು.

ಮಗಳು ಮೇಲೆ ಓಡಿ ಅಪ್ಪನ ಹಳೇ ಸುತ್ತಿಗೆ ತಂದು ಅವನ ಕೈಗಿತ್ತಳು. "ತಗೋ. ಒಡಿ ನಿನ್ನ ಗೋಡೆ!"

ಹೊಡೆದ. ಮೈಯಲ್ಲಿದ್ದ ಶಕ್ತಿಯೆಲ್ಲ ಸೇರಿಸಿ ಹೊಡೆದ. ಉಗುರಿನಷ್ಟು ಚಕ್ಕೆ ಹಾರಿತು. ತಾರಸಿ ಸೋರುತ್ತಿರಬಹುದು, ಆದರೆ ಆ ಗೋಡೆ ಒಳ್ಳೆಯ ಕೆಲಸವಾಗಿತ್ತು.

ಕೊನೆಗೆ ಅವಳನ್ನು ಸ್ಟ್ರೆಚರಿಗೆ ಬಿಗಿದು ನೆಟ್ಟಗೆ ನಿಲ್ಲಿಸಿದರು. ಮುರಿದ ಮೂಳೆಯ ಮೇಲೆ ಮೈಭಾರ ಬಿದ್ದಾಗ ಅವಳು ಕೂಗಿದ ಕೂಗಿಗೆ ನಾಲ್ಕೂ ಮಹಡಿಯ ಬಾಗಿಲು ತೆರೆದವು. ಫಲಕದ ಪಕ್ಕದಲ್ಲಿ, ಗಂಡನ ಮುಖಕ್ಕೆ ಒಂದು ಗೇಣು ದೂರದಲ್ಲಿ ಅವಳ ಮುಖವಿತ್ತು.

"ಯಾರ ಮುಖ ನೋಡ್ಲಿ ರೀ?" ಎಂದಳು.

ಎರಡನೇ ಮಹಡಿ ದಾಟುವಷ್ಟರಲ್ಲಿ ಉಸಿರು ನಿಂತಿತ್ತು. ಏಳು ವರ್ಷದ ಮೇಲೆ ಅವಳನ್ನು ಅಂಗಳದ ಬಿಸಿಲಿಗೆ ತಂದಾಗ, ಮುಖದ ಮೇಲೆ ಬಟ್ಟೆ ಮುಚ್ಚಿದ್ದರು. ಮಗಳು ಅಮ್ಮನ ಜೊತೆ ಹೋದವಳು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಮೂರು ವಾರ ಕಳೆದು ಪ್ರೊಫೆಸರಮ್ಮ ಹನ್ನೆರಡು ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದು, ಹಲಗೆ ತಾತನನ್ನೂ ತಿರುವಿಗೆ ಕರೆಸಿದಳು. ಗೋಡೆಯಲ್ಲಿ ಚಕ್ಕೆ ಎದ್ದಿದ್ದ ಜಾಗ ನೋಡಿ ಅವಳ ಮುಖ ಬಾಡಿತು. "ಅಯ್ಯೋ, ಯಾರು ಹೀಗೆ ಮಾಡಿದ್ದು? ಇದನ್ನ ಸರಿ ಮಾಡಿಸ್ಬೇಕು. ತಾತ, ಅವತ್ತು ನಕ್ಷೆ ಬರೆದೋರು ಏನು ಹೇಳಿದ್ರು ಅಂತ ಇವರಿಗೆ ಒಂದ್ಸಲ ಹೇಳಿ."

"ಯಾರೂ ಏನೂ ಹೇಳ್ಲಿಲ್ಲಮ್ಮ" ಎಂದ ಹಲಗೆ ತಾತ. "ನಾನು ಅಳತೆ ತಪ್ಪಿದ್ದು. ಸಭೇಲಿ ಹೇಳಿದ್ದು ಸುಳ್ಳು. ನನ್ನ ಹೆಂಡ್ತಿ ಇಲ್ಲೇ ಹೋಗಿಬಿಟ್ಲು. ಬರ್ಕೊಳ್ಳಿ. ಒಡೆಸಿ ಇದನ್ನ, ನಿಮ್ಮ ಕಾಲಿಗೆ ಬೀಳ್ತೀನಿ."

ಅವಳು ಅವನ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದುಕೊಂಡಳು. ನಿಜವಾಗಿಯೂ ಮರುಗಿದ್ದಳು. ಆಮೇಲೆ ವಿದ್ಯಾರ್ಥಿಗಳ ಕಡೆ ತಿರುಗಿ ದನಿ ತಗ್ಗಿಸಿ, "ಪಾಪ, ದುಃಖದಲ್ಲಿ ಎಲ್ಲ ಮರೆತುಹೋಗಿದೆ. ಪುಣ್ಯಕ್ಕೆ ಅವರು ಮೊದಲು ಹೇಳಿದ್ದು ನಮ್ಮ ಹತ್ರ ಬರವಣಿಗೇಲಿದೆ" ಎಂದಳು.

ಹುಡುಗ ಹುಡುಗಿಯರು ಹೊರಟರು. ಫಲಕ ಓದಿ, ಮೈ ಅಡ್ಡ ಮಾಡಿ, ಒಬ್ಬೊಬ್ಬರಾಗಿ ನಿಧಾನವಾಗಿ ಇಳಿದರು. ಇಳಿಯುವ ಪ್ರತಿಯೊಬ್ಬರೂ ಅಲ್ಲಿ ನಿಂತು, ಬರೆದಿದ್ದ ಹಾಗೆಯೇ, ಮುದುಕನ ಮುಖವನ್ನು ನೋಡಿ ನಕ್ಕು ಹೋದರು.